ಹದಿನಾಲ್ಕನೆಯ ಹೆಸರಿಗೆ ಬಿಟ್ಟ ಜಾಗ

ನವೆಂಬರ್ ತಿಂಗಳ ಎರಡನೆಯ ಭಾನುವಾರ, ಮಡಿದ ಸೈನಿಕರನ್ನು ಇಂಗ್ಲೆಂಡ್ ನೆನೆಯುವ ದಿನ. ಎಸೆಕ್ಸ್‌ನ ಹಾಕ್ಸ್‌ಬ್ರೂಕ್ ಎಂಬ ಸಣ್ಣ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಕ್ಕರೆ ಬೀಟ್ ಬೆಳೆಯುವ ಹೊಲದ ಬದಿಯಲ್ಲಿ ನೆಟ್ಟ ಕಲ್ಲಿನ ಮುಂದೆ ಎನಿಡ್ ಕ್ಲೇಡನ್ ಹಳೆಯ ದಿಂಬೊಂದನ್ನು ಎಸೆದು, ಅದರ ಮೇಲೆ ಒಂದಾದ ಮೇಲೊಂದು ಮಂಡಿ ಊರುತ್ತಾರೆ. ವಯಸ್ಸು ಎಂಬತ್ತೇಳು. ಬಕೆಟ್ಟಿನ ಬಿಸಿನೀರು ಹಬೆಯಾಡುತ್ತಿದೆ. ಕೈಯಲ್ಲಿ ಸವೆದ ಹಲ್ಲುಜ್ಜುವ ಬ್ರಷ್ಷು.

ಮೊದಲು ಅಕ್ಷರಗಳ ಸಂದಿಯ ಪಾಚಿ ತೆಗೆಯುತ್ತಾರೆ. ಆಮೇಲೆ ಹಕ್ಕಿ ಹಿಕ್ಕೆ. ಕಲ್ಲಿನ ಮೇಲೆ ಹದಿಮೂರು ಹೆಸರುಗಳಿವೆ. ಕೊನೆಯ ಹೆಸರಿನ ಕೆಳಗೆ ಒಂದು ಗೇಣಿನಷ್ಟು ಕಲ್ಲು ಬರಿದಾಗಿದೆ. ಎನಿಡ್ ಅತಿ ಹೆಚ್ಚು ಹೊತ್ತು ಉಜ್ಜುವುದು ಆ ಬರಿದಾದ ಜಾಗವನ್ನೇ.

"ಅಲ್ಲೇನೂ ಬರೆದಿಲ್ವಲ್ಲ, ಯಾಕೆ ಉಜ್ತೀರಿ ಅಂತ ಅಂಚೆಯವನು ಕೇಳಿದ. ಬರೆದಿಲ್ಲ ಅಂತಾನೇ ಉಜ್ತೀನಿ ಕಣಪ್ಪ ಅಂದೆ. ತಲೆ ಕೆಟ್ಟಿದೆ ಮುದುಕಿಗೆ ಅಂದ್ಕೊಂಡು ಹೋದ" ಎಂದು ಅವರು ಬ್ರಷ್ಷನ್ನು ನೀರಿಗೆ ಅದ್ದುತ್ತಾರೆ.

ಇನ್ನು ಸ್ವಲ್ಪ ಹೊತ್ತಿಗೆ ಊರಿನ ಜನ ಎದೆಗೆ ಕಾಗದದ ಕೆಂಪು ಗಸಗಸೆ ಹೂ ಚುಚ್ಚಿಕೊಂಡು ಇಲ್ಲಿ ಸೇರುತ್ತಾರೆ. ಕಲ್ಲು ಎಷ್ಟು ಚೊಕ್ಕವಾಗಿದೆ ಎಂದು ಪ್ರತಿವರ್ಷ ಯಾರಾದರೊಬ್ಬರು ಮೆಚ್ಚಿಕೊಳ್ಳುತ್ತಾರೆ. ಯಾರು ತೊಳೆದರು ಎಂದು ಕೇಳುವುದಿಲ್ಲ. ಕಲ್ಲು ತಾನೇ ಎದ್ದು ಸ್ನಾನ ಮಾಡಿ ಬರುತ್ತದೆ ಎಂದುಕೊಂಡಿರಬೇಕು.

ಎನಿಡ್ ಹಾಕ್ಸ್‌ಬ್ರೂಕ್‌ಗೆ ಬಂದದ್ದು ಇಪ್ಪತ್ತರ ಹುಡುಗಿಯಾಗಿದ್ದಾಗ. ಈ ಹೊಲದ ಆಚೆ ಎರಡನೆಯ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣವಿತ್ತು. ಯುದ್ಧ ಮುಗಿದಿತ್ತು, ಸಾಮ್ರಾಜ್ಯ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಸೈಪ್ರಸ್, ಏಡನ್, ಸಿಂಗಪುರಗಳಿಗೆ ಸೈನಿಕರು ಹೋಗುತ್ತಲೇ ಇದ್ದರು. ಹಡಗಿನಲ್ಲಿ ಕಳಿಸಿದರೆ ವಾರಗಟ್ಟಲೆ ಹಿಡಿಯುತ್ತದೆಂದು ಸರ್ಕಾರ ಖಾಸಗಿ ಕಂಪನಿಗಳ ವಿಮಾನಗಳನ್ನು ಬಾಡಿಗೆಗೆ ಹಿಡಿಯಿತು. ಎನಿಡ್ ಸೇರಿದ ಕಂಪನಿ ಅಂಥವುಗಳಲ್ಲಿ ಒಂದು. ಹಳೆಯ ಬಾಂಬರಿನ ರೆಕ್ಕೆಗೆ ಹೊಸ ಹೊಟ್ಟೆ ಅಂಟಿಸಿದಂಥ ವಿಮಾನಗಳು. ಸೀಟುಗಳೆಲ್ಲ ಹಿಂದಕ್ಕೆ ಮುಖ ಮಾಡಿದ್ದವು. ಬಿದ್ದರೆ ಹಾಗೆ ಕೂತವರು ಬದುಕುತ್ತಾರೆ ಎಂಬುದು ಸೈನ್ಯದ ಲೆಕ್ಕಾಚಾರ.

"ಗಗನಸಖಿ ಅಂದ್ರೆ ಏನೋ ಅಂದ್ಕೊಂಡಿದ್ದೆ. ವಾಂತಿ ಬಳಿಯೋದು, ಟೊಮೆಟೊ ಸೂಪು ಚೆಲ್ಲದ ಹಾಗೆ ಹಿಡ್ಕೊಂಡು ಓಡಾಡೋದು. ಎಂಜಿನ್ ಸದ್ದಿಗೆ ಎರಡು ದಿನ ಕಿವಿ ಗುಂಯ್ ಅಂತಿತ್ತು. ನಮ್ಮಮ್ಮ ಮಾತ್ರ ಬೀದಿಯವರಿಗೆಲ್ಲ, ನನ್ನ ಮಗಳು ಸಿಂಗಪುರದಲ್ಲಿ ಊಟ ಮಾಡ್ತಾಳೆ ಅಂತ ಹೇಳ್ಕೊಂಡು ತಿರುಗ್ತಿದ್ಲು."

ದಾರಿಯಲ್ಲಿ ಎಣ್ಣೆ ತುಂಬಿಸಲು ಬೇರೆ ಬೇರೆ ದೇಶಗಳಲ್ಲಿ ಇಳಿಯಬೇಕಿತ್ತು. ಬೇರೆಯವರ ನೆಲದಲ್ಲಿ ಬ್ರಿಟಿಷ್ ಸೈನಿಕರು ಸಮವಸ್ತ್ರದಲ್ಲಿ ಇಳಿಯುವಂತಿರಲಿಲ್ಲ. ಅದಕ್ಕೆಂದು ಹುಡುಗರಿಗೆಲ್ಲ ಸಾದಾ ಕೋಟು ತೊಡಿಸುತ್ತಿದ್ದರು. ಕೆಳಗೆ ಮಾತ್ರ ಅದೇ ಖಾಕಿ ಪ್ಯಾಂಟು, ಅದೇ ಮೊಳೆ ಹೊಡೆದ ಬೂಟು. ಮೀಸೆ ಮೂಡದ ಹುಡುಗರ ಪಾಸ್‌ಪೋರ್ಟಿನಲ್ಲಿ 'ಸರ್ಕಾರಿ ಅಧಿಕಾರಿ' ಎಂದು ಬರೆದಿರುತ್ತಿತ್ತು.

"ಕಲ್ಕತ್ತಾದಲ್ಲಿ ಕಸ್ಟಮ್ಸಿನವನೊಬ್ಬ ಇದ್ದ. ಸಾಲಾಗಿ ನಿಂತ ಬೂಟುಗಳನ್ನ ಒಂದೊಂದಾಗಿ ನೋಡ್ಕೊಂಡು ಬಂದ. 'ಮೇಡಂ, ನಿಮ್ಮ ದೇಶದ ಅಧಿಕಾರಿಗಳೆಲ್ಲ ಒಂದೇ ಅಂಗಡೀಲಿ ಬೂಟು ತಗೋತಾರಾ?' ಅಂದ. ನಾನು ತಬ್ಬಿಬ್ಬಾದೆ. ಮೇವಿಸ್ ಇದ್ದಳಲ್ಲ, 'ಹೌದು ಸಾರ್, ಸೋವಿಯಲ್ಲಿ ಸಿಕ್ತು' ಅಂದ್ಲು. ಅವನು ನಕ್ಕು ಎಲ್ಲರಿಗೂ ಚಹಾ ತರಿಸಿದ."

ಮೇವಿಸ್ ಥರ್ಲೋ. ಎನಿಡ್ ಅವರ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿದ್ದವಳು, ಕೆಲಸ ಕಲಿಸಿದವಳು. ಹೆದರಿ ಬಿಳಿಚಿಕೊಂಡ ಹುಡುಗನನ್ನು ಕಂಡರೆ ಅವಳು ಸಮಾಧಾನದ ಮಾತಾಡುತ್ತಿರಲಿಲ್ಲ. ಪೆಪ್ಪರಮಿಂಟ್ ಡಬ್ಬಿಯನ್ನು ಅವನ ಕೈಗಿಟ್ಟು, "ಎಲ್ಲರಿಗೂ ಹಂಚು, ನೀನೇ ತಿಂದು ಮುಗಿಸ್ಬೇಡ" ಎನ್ನುತ್ತಿದ್ದಳು. ಕೈಗೆ ಕೆಲಸ ಸಿಕ್ಕ ಹುಡುಗ ಹೆದರಿಕೆಯನ್ನು ಮರೆಯುತ್ತಿದ್ದ.

ಸಾವಿರದ ಒಂಬೈನೂರ ಐವತ್ತೆಂಟರ ಚಳಿಗಾಲದ ಒಂದು ಬೆಳಗ್ಗೆ ಆ ಡಬ್ಬಿ ಸಿಕ್ಕಿದ್ದು ಸಿರಿಲ್ ಪೆಟಿಟ್‌ಗೆ. ಕಡ್ಡಾಯ ಸೇನಾ ಸೇವೆಗೆ ಹೊರಟಿದ್ದ, ಇದೇ ಊರಿನ ಮಾಂಸದಂಗಡಿಯವರ ಮಗ. ಎನಿಡ್ ಅವರಿಗೆ ಅವತ್ತು ಪಾಳಿ ಇರಲಿಲ್ಲ. ವಿಮಾನ ಮೇಲೇರಿದಂತೆ ಮಾಡಿ ಮಂಜಿನಲ್ಲಿ ಈ ಹೊಲಕ್ಕೆ ಬಿತ್ತು. ಮುಂಭಾಗ ಕಳಚಿ ದೂರ ಹೋದದ್ದರಿಂದ ಪೈಲಟ್‌ಗಳು ಕೈಕಾಲು ಮುರಿದುಕೊಂಡು ಉಳಿದರು. ಹಿಂಭಾಗಕ್ಕೆ ಬೆಂಕಿ ಹತ್ತಿತು. ಮೇವಿಸ್ ಸಿರಿಲ್‌ನ ಸೀಟಿನ ಪಟ್ಟಿ ಬಿಚ್ಚಿ, ಕೊರಳಪಟ್ಟಿ ಹಿಡಿದು ಎಳೆದು ಬಾಗಿಲಾಚೆ ನೂಕಿದಳು. ಇನ್ನೊಬ್ಬನನ್ನು ತರಲು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಅವಳ ತಾಯಿಯ ಮನೆಗೆ ಕಂಪನಿಯಿಂದ ಒಂದು ಹೂವಿನ ಹಾರ ಬಂತು. ಹದಿನೈದು ದಿನ ಕಳೆದ ಮೇಲೆ ಒಬ್ಬ ಗುಮಾಸ್ತನೂ ಬಂದ. ಮೇವಿಸ್‌ಳ ಹತ್ತಿರ ಎರಡು ಜೊತೆ ಸಮವಸ್ತ್ರ ಇತ್ತಲ್ಲ, ಉಳಿದದ್ದನ್ನು ವಾಪಸ್ ಕೊಡಿ ಎಂದ. ಇಸ್ತ್ರಿ ಮಾಡಿ ಕೊಟ್ಟವರು ಎನಿಡ್. ಕಂಪನಿ ಮುಂದಿನ ವರ್ಷವೇ ಬಾಗಿಲು ಹಾಕಿತು. ಎನಿಡ್ ಮತ್ತೆ ವಿಮಾನ ಹತ್ತಲಿಲ್ಲ. ಇದೇ ಊರಿನ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಆಯುಸ್ಸು ಕಳೆದರು.

ಕಲ್ಲು ನಿಂತದ್ದು ಬಹಳ ತಡವಾಗಿ, ಸತ್ತವರ ತಂದೆತಾಯಿಗಳೆಲ್ಲ ತೀರಿಹೋದ ಮೇಲೆ. ಮುಸುಕು ತೆಗೆದ ದಿನ ಎನಿಡ್ ಹೊಸ ಟೋಪಿ ಹಾಕಿಕೊಂಡು ಹೋಗಿದ್ದರು. ಕಲ್ಲಿನ ನೆತ್ತಿಯ ಮೇಲೆ ಕೆತ್ತಿತ್ತು: 'ಸಮವಸ್ತ್ರದಲ್ಲಿ ಮಡಿದವರ ನೆನಪಿಗೆ.' ಕೆಳಗೆ ಹದಿಮೂರು ಹೆಸರುಗಳು. ಸತ್ತವರು ಹದಿನಾಲ್ಕು ಜನ.

"ನಾನು ಎರಡು ಸಲ ಓದಿದೆ. ಕನ್ನಡಕ ಒರೆಸ್ಕೊಂಡು ಇನ್ನೊಂದು ಸಲ ಓದಿದೆ. ಆಮೇಲೆ ಕಲ್ಲು ನಿಲ್ಲಿಸಿದ ಸಮಿತಿಯವರನ್ನ ಕೇಳಿದೆ. ಇದು ಸೈನಿಕರಿಗೆ ಮಾತ್ರ ಅಮ್ಮ, ಆಕೆ ಕಂಪನಿಯ ನೌಕರಳು ಅಂದ್ರು. ಅಲ್ಲ ಸ್ವಾಮಿ, ಆ ಹುಡುಗರೆಲ್ಲ ಸಾದಾ ಕೋಟಲ್ಲಿ ಸತ್ತರು. ಸತ್ತವರಲ್ಲಿ ಸಮವಸ್ತ್ರ ತೊಟ್ಟಿದ್ದವಳು ನಮ್ಮ ಮೇವಿಸ್ ಒಬ್ಬಳೇ."

ಇದು ಸಮಿತಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸಮಿತಿಯ ಅಧ್ಯಕ್ಷರು ಸಿರಿಲ್ ಪೆಟಿಟ್. ಅವತ್ತು ಆ ವಿಮಾನದಲ್ಲಿ ಅಣ್ಣನ ಕಂದು ಕೋಟು ತೊಟ್ಟು ಕೂತಿದ್ದವರು. ಅಪ್ಪನ ಅಂಗಡಿಯನ್ನೇ ನಡೆಸಿ, ಊರಿಗೆಲ್ಲ ಬೇಕಾದವರಾಗಿ, ಈಗ ಎಂಬತ್ತಾರರಲ್ಲಿ ಪ್ರತಿವರ್ಷ ಇಲ್ಲಿ ನಿಂತು ಸತ್ತವರ ಹೆಸರನ್ನು ಗಟ್ಟಿಯಾಗಿ ಓದುವವರು. ಎನಿಡ್ ವರ್ಷ ವರ್ಷವೂ ಕೇಳಿದ್ದಾರೆ. ನಿಯಮ ನಿಯಮವೇ, ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರು ಬರುತ್ತಾರೆ ಎಂಬುದೇ ಉತ್ತರ.

ಕಳೆದ ಸೆಪ್ಟೆಂಬರ್‌ನಲ್ಲಿ ಸಿರಿಲ್ ಅವರನ್ನು ಎನಿಡ್ ತಮ್ಮ ಅಡುಗೆಮನೆಯಲ್ಲಿ ಕೂರಿಸಿ, ಚಹಾ ಬಗ್ಗಿಸಿ, ಬಾಗಿಲು ಹಾಕಿದರು.

"ನಿಯಮದ ಕತೆ ಸಾಕು ಸಿರಿಲ್. ನಿಜ ಹೇಳು."

ಸಿರಿಲ್ ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ಹಾಗೇ ಹಿಡಿದುಕೊಂಡರು. ಅದು ಮುರಿದು ಲೋಟದೊಳಗೆ ಬಿತ್ತು. "ಹೋಗು ಅಂದ್ಲು. ನಾನು ಹೋದೆ. ತಿರುಗಿ ನೋಡ್ಲಿಲ್ಲ ಎನಿಡ್. ಪೆಪ್ಪರಮಿಂಟ್ ಡಬ್ಬಿ ಹಿಡ್ಕೊಂಡು ಓಡಿದೆ. ಡಬ್ಬಿ ತಂದೆ ನೋಡು, ಅವಳನ್ನ ಬಿಟ್ಟು" ಎಂದರು. ಲೋಟವನ್ನು ದೂರ ಸರಿಸಿ, "ಅವಳ ಹೆಸರು ಅಲ್ಲಿ ಬಂದ್ರೆ ವರ್ಷಾ ವರ್ಷಾ ನಾನೇ ಓದ್ಬೇಕು. ನನ್ನ ಕೈಲಾಗಲ್ಲ" ಎಂದರು.

"ಇಷ್ಟೇನಾ? ನಾನು ಓದ್ತೀನಿ ಬಿಡು. ನೀನು ಕೆತ್ತಿಸು."

ಸಭೆಯಲ್ಲಿ ಇಡುತ್ತೇನೆ ಎಂದು ಸಿರಿಲ್ ಮಾತು ಕೊಟ್ಟು ಹೋದರು. ಎನಿಡ್ ಅವತ್ತೇ ಟೇಪು ಹಿಡಿದು ಬಂದು ಕಲ್ಲಿನ ಖಾಲಿ ಜಾಗವನ್ನು ಅಳೆದರು. ಮೇವಿಸ್ ಥರ್ಲೋ ಎಂಬ ಹೆಸರು ಹಿಡಿಸಿ ಇನ್ನೂ ಮಿಗುತ್ತದೆ.

ಅಕ್ಟೋಬರ್‌ನಲ್ಲಿ ಸಭೆ ಕೂತಿತು. ಸಿರಿಲ್ ತುಟಿ ಬಿಚ್ಚಲಿಲ್ಲ. ಪಾದ್ರಿಗಳೇ ಎನಿಡ್ ಅವರ ಮೇಲೆ ಕನಿಕರಪಟ್ಟು ಮಾತೆತ್ತಿದರು. ಕೊನೆಗೆ ಮೇವಿಸ್ ಹೆಸರಿನಲ್ಲಿ ಒಂದು ಬೆಂಚು ಹಾಕಿಸೋಣ ಎಂದು ತೀರ್ಮಾನವಾಯಿತು. ಸುದ್ದಿ ತಂದ ಪಾದ್ರಿಗಳಿಗೆ ಎನಿಡ್ ಚಹಾ ಕೊಡಲಿಲ್ಲ.

"ಬೆಂಚು ಬೇಡ ಫಾದರ್. ನಾಯಿ ತಿರುಗಾಡಿಸೋರು ಕುಂಡೆ ಊರೋದಕ್ಕೆ ಅವಳ ಹೆಸರು ಬೇಡ" ಎಂದರು.

ಈಗ ಹೊತ್ತೇರಿದೆ. ಎನಿಡ್ ಬಕೆಟ್ಟನ್ನು ಬೇಲಿಯ ಹಿಂದೆ ಅಡಗಿಸಿ, ಕೈ ಒರೆಸಿಕೊಂಡು, ಸೇರಿದ ಜನರ ಹಿಂದೆ ನಿಂತಿದ್ದಾರೆ. ಸ್ಟಾನ್‌ಸ್ಟೆಡ್ ಕಡೆಯಿಂದ ಎದ್ದ ವಿಮಾನವೊಂದು ರಜೆಗೆ ಹೊರಟವರನ್ನು ತುಂಬಿಕೊಂಡು ಸ್ಪೇನ್ ದಿಕ್ಕಿಗೆ ತಿರುಗುತ್ತದೆ. ಸಿರಿಲ್ ಪದಕ ತೊಟ್ಟು ಮುಂದೆ ಬಂದು ಕಾಗದ ಬಿಚ್ಚುತ್ತಾರೆ. ಒಂದೊಂದೇ ಹೆಸರು, ನಡುವೆ ಒಂದು ಉಸಿರು. ಹದಿಮೂರನೆಯದನ್ನು ಓದಿ ನಿಲ್ಲುತ್ತಾರೆ. ತಲೆಯೆತ್ತಿ ಜನರ ಮೇಲಿಂದ ಎನಿಡ್ ಅವರನ್ನು ಹುಡುಕಿ ನೋಡುತ್ತಾರೆ. ಬಾಯಿ ತೆರೆಯುತ್ತದೆ. ಎನಿಡ್ ತಾವಾಗಿಯೇ ಒಂದು ಹೆಜ್ಜೆ ಮುಂದಿಡುತ್ತಾರೆ.

ಸಿರಿಲ್ ಕಾಗದ ಮಡಚಿ ಜೇಬಿಗಿಡುತ್ತಾರೆ. ಕಹಳೆ ಮೊಳಗುತ್ತದೆ. ಹೂವಿನ ಚಕ್ರವನ್ನು ತಂದು ಕಲ್ಲಿನ ಬುಡಕ್ಕೆ ಒರಗಿಸುತ್ತಾರೆ. ಪ್ರತಿವರ್ಷದಂತೆ ಅದು ಖಾಲಿ ಜಾಗವನ್ನು ಪೂರ್ತಿ ಮುಚ್ಚುತ್ತದೆ.

ಜನರೆಲ್ಲ ಚಹಾ ಕುಡಿಯಲು ಸಭಾಂಗಣಕ್ಕೆ ಹೋದ ಮೇಲೆ ಎನಿಡ್ ಒಬ್ಬರೇ ಬಂದು ಚಕ್ರವನ್ನು ಪಕ್ಕಕ್ಕೆ ಸರಿಸುತ್ತಾರೆ. ಕೋಪ ಬಂದಿದೆ, ಮುಚ್ಚಿಡುವುದಿಲ್ಲ.

"ನಾನು ಕೈ ಬಿಟ್ರೆ ಎರಡು ಚಳಿಗಾಲ ಸಾಕು ಇದಕ್ಕೆ ಪಾಚಿ ಕಟ್ಟೋಕೆ. ಆಗ ಆ ಹುಡುಗರ ಹೆಸರೂ ಕಾಣಲ್ಲ, ಎಲ್ಲರೂ ಅವಳ ಹಾಗೇ ಆಗ್ತಾರೆ. ಎಷ್ಟೋ ಸಲ ಅನ್ಸಿದೆ, ಆಗ್ಲಿ ಅಂತ. ಆದ್ರೆ ಆ ಹುಡುಗರು ಏನು ಮಾಡಿದ್ರು ಪಾಪ, ಅವತ್ತು ನನ್ನ ಪಾಳಿ ಆಗಿದ್ರೆ ಅವರಿಗೂ ನಾನೇ ಸೂಪು ಕೊಟ್ಟಿರ್ತಿದ್ದೆ."

ಬೇಲಿಯ ಹಿಂದಿನಿಂದ ಬಕೆಟ್ ತೆಗೆದುಕೊಳ್ಳುತ್ತಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಬಕೆಟ್ ಕೆಳಗಿಟ್ಟು ಊರಿನ ಕಡೆ ನೋಡುತ್ತಾರೆ. ಸಭಾಂಗಣದ ಬಾಗಿಲಲ್ಲಿ ಸಿರಿಲ್ ಯಾರದೋ ಕೈಕುಲುಕುತ್ತಾ ನಗುತ್ತಿರುವುದು ಇಲ್ಲಿಗೆ ಕಾಣುತ್ತಿದೆ.

"ಕೆತ್ತೋದು ಈಗ ಆಗಲ್ಲ, ನಂಗೊತ್ತು. ಒಂದು ಸಲ, ಒಂದೇ ಒಂದು ಸಲ, ಅವನ ಬಾಯಲ್ಲಿ ಮೇವಿಸ್ ಅನ್ನೋ ಹೆಸರು ಕೇಳಿ ಸಾಯ್ಬೇಕು. ಆ ಬಾಯಿ ಇವತ್ತು ಆಡ್ತಿರೋದೇ ಅವಳಿಂದ."