ಬಾಗಿಲಲ್ಲಿ ನಿಲ್ಲುತ್ತಿದ್ದ ರಾಘಣ್ಣ

ಮುಂಬಯಿಯ ಲೋಕಲ್ ಟ್ರೇನಿನ ಬಾಗಿಲ ಕಂಬ ಹಿಡಿದು ಬಂದ ದಿನ, ಎಷ್ಟು ಸೋಪು ಹಾಕಿದರೂ ಅಂಗೈಯ ಲೋಹದ ವಾಸನೆ ಹೋಗುವುದಿಲ್ಲ. ನೀವೂ ಡೊಂಬಿವಲಿಯವರಾದರೆ ಗೊತ್ತಿರುತ್ತದೆ. ಇವತ್ತು ಊಟಕ್ಕೆ ಕೂತು ಅನ್ನ ಕಲಸುವಾಗ ಆ ವಾಸನೆ ಬಂತು, ರಾಘಣ್ಣ ನೆನಪಾದರು.

ಉಡುಪಿ ಕಡೆಯವರು; ಠಾಣೆಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ನಮ್ಮ ಬೆಳಗಿನ ಟ್ರೇನಿನಲ್ಲಿ ಬಾಗಿಲ ಜಾಗ ಅವರದು. ಟ್ರೇನು ತೆವಳುತ್ತಿದ್ದರೆ ಓಡಿಬಂದವನ ರಟ್ಟೆ ಹಿಡಿದು ಒಳಗೆಳೆಯುವರು; ವೇಗ ಹಿಡಿದಿದ್ದರೆ ಎದೆಗೆ ಕೈಕೊಟ್ಟು ಪ್ಲಾಟ್‌ಫಾರ್ಮಿಗೇ ತಳ್ಳುವರು. ಎರಡೂ ಉಳಿಸುವುದೇ. ತಳ್ಳಿಸಿಕೊಂಡವರು ಮರುದಿನ ಬಂದು ಅವರ ಪಕ್ಕದಲ್ಲೇ ನಿಲ್ಲುತ್ತಿದ್ದರು. ನಾನು ಎಂ.ಕಾಂ. ಮುಗಿಸಿದವನು. ಊಟದ ಡಬ್ಬಿ ಯಾರ ಬೆನ್ನಿಗೂ ಚುಚ್ಚದಂತೆ ಹಿಡಿಯುವುದಷ್ಟೇ ಅಲ್ಲಿ ನನ್ನ ಕೆಲಸ, ಅದೂ ಸರಿಯಾಗಿ ಬರುತ್ತಿರಲಿಲ್ಲ.

ಒಂದು ದಿನ, ಟ್ರೇನು ಡೊಂಬಿವಲಿಯಿಂದ ಹೊರಟು ವೇಗ ಹಿಡಿದಿತ್ತು, ಪ್ಲಾಟ್‌ಫಾರ್ಮ್ ಇನ್ನೂ ಮುಗಿದಿರಲಿಲ್ಲ. ಬ್ಯಾಗು ಹೊತ್ತ ಯುವಕನೊಬ್ಬ ಹಾರಿದ. ಒಂದು ಕಾಲು ಫುಟ್‌ಬೋರ್ಡಿನ ಅಂಚಿನಲ್ಲಿ, ಇನ್ನೊಂದು ಗಾಳಿಯಲ್ಲಿ. ಕೈಗೆ ಕಂಬ ಸಿಗಲಿಲ್ಲ. ಕೆಳಗೆ ಟ್ರೇನಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ಓಡುತ್ತಿತ್ತು. ರಾಘಣ್ಣ ತಳ್ಳಿದರು. ಅವನು ಪ್ಲಾಟ್‌ಫಾರ್ಮಿನ ಮೇಲೆ ಉರುಳಿದ, ಮಣಿಕಟ್ಟು ಮುರಿಯಿತು, ಬದುಕಿದ. ಕಣ್ಣು ಮುಚ್ಚಿದರೆ ಆ ಸಂದು ನನಗೆ ಈಗಲೂ ಕಾಣುತ್ತದೆ. ಕೆಲವು ಸಲ ರಾಘಣ್ಣನ ಕೈ ಬರುವುದೇ ಇಲ್ಲ.

ಯಾರೋ ದೂರದಿಂದ ಮೊಬೈಲಿನಲ್ಲಿ ತೆಗೆದಿದ್ದರು. ಆ ವಿಡಿಯೊದಲ್ಲಿ ಸಂದು ಕಾಣುವುದಿಲ್ಲ, ತಳ್ಳಿದ ಕೈ ಕಾಣುತ್ತದೆ. ಸಂಜೆಯೊಳಗೆ ಅದು ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಿಗೂ ಬಂತು. ರೈಲ್ವೆ ಪೊಲೀಸರು ಕರೆಸಿದಾಗ ನಾನು ಕಂಡದ್ದನ್ನು ಹೇಳಿದೆ; ಬಿದ್ದವನೇ ಬಂದು, ಅವರಿಂದ ಜೀವ ಉಳಿಯಿತು ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಡಿಯೊ ನೋಡಿದವರು ಅವನ ಮಾತು ಕೇಳಲು ಬಂದಿರಲಿಲ್ಲವಲ್ಲ. ಹೋಟೆಲಿನ ಗಿರಾಕಿಗಳು ರಾಘಣ್ಣನ ಮುಖ ಗುರುತಿಸತೊಡಗಿದ ಮೇಲೆ ಮಾಲೀಕರು, ಸ್ವಲ್ಪ ದಿನ ಒಳಗೆ ಸ್ಟೋರ್‌ರೂಮ್ ನೋಡಿಕೊಳ್ಳಿ ಎಂದರಂತೆ. ಟ್ರೇನಿನಲ್ಲಿ ಹೊಸಬನೊಬ್ಬ, "ಕಾಕಾ, ಧಕ್ಕಾ ಮತ್ ದೇನಾ ಹಾಂ" ಎಂದ, ನನ್ನನ್ನೂ ತಳ್ಳಿಬಿಡಬೇಡಿ ಎಂಬಂತೆ. ಎಲ್ಲರೂ ನಕ್ಕರು. ರಾಘಣ್ಣನೂ ನಕ್ಕರು. ಮರುದಿನ ಒಳಗೆ ಹೋಗಿ ಫ್ಯಾನಿನ ಕೆಳಗೆ ನಿಂತರು.

ಬಾಗಿಲಿಗೆ ಬನ್ನಿ ಎಂದು ಕರೆದೆ. ನಿಮ್ಮನ್ನು ಬಲ್ಲವರಿಗೆ ಗೊತ್ತಲ್ಲ ಎಂದೆ.

"ಬಲ್ಲವರು ಎಷ್ಟು ಜನ ಮಾರಾಯ? ಮೊದಲು ಕೈ ತಾನೇ ಹೋಗ್ತಿತ್ತು. ಈಗ ಯಾರು ಎಂತ ಹೇಳ್ತಾರೋ ಅಂತ ತಲೆಗೆ ಬರ್ತದೆ. ಅದನ್ನೆಲ್ಲ ಯೋಚನೆ ಮಾಡುವಷ್ಟು ಹೊತ್ತು ಅಲ್ಲಿ ಇರುದಿಲ್ಲ."

ಒಳ್ಳೆಯ ಹೆಸರು ಎಂದರೆ ಸಭೆಯಲ್ಲಿ ಶಾಲು ಹೊದೆಸಿಕೊಳ್ಳುವವರಿಗೆ ಸಂಬಂಧಪಟ್ಟದ್ದು ಎಂದು ನಾನು ತಿಳಿದಿದ್ದೆ. ಒಬ್ಬ ಮನುಷ್ಯ ಯೋಚಿಸದೆ ಕೈ ಚಾಚುವುದಕ್ಕೂ ಅದು ಬೇಕಂತೆ.

ರಾಘಣ್ಣ ಈಗ ನವಿ ಮುಂಬಯಿಯ ಘಣಸೋಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಈ ಟ್ರೇನಿಗೆ ಬರುವುದಿಲ್ಲ. ಬಾಗಿಲ ಜಾಗ ಹೇಗೋ ನನ್ನ ಪಾಲಿಗೆ ಬಂದಿದೆ. ಇವತ್ತು ಬೆಳಿಗ್ಗೆ ಟ್ರೇನು ಇನ್ನೂ ತೆವಳುತ್ತಿದ್ದಾಗ ನಡುವಯಸ್ಸಿನವರೊಬ್ಬರು ಓಡಿಬಂದು ಕೈ ನೀಡಿದರು. ಹಿಡಿಯುವ ಮೊದಲು ನಾನು, ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಮೊಬೈಲ್ ಎತ್ತಿದ್ದಾರಾ ಎಂದು ನೋಡಿದೆ. ಮತ್ತೆ ತಿರುಗುವಷ್ಟರಲ್ಲಿ ಅವರು ಹಿಂದೆ ಉಳಿದಿದ್ದರು, ಕೈಯನ್ನು ಇನ್ನೂ ಕೆಳಗಿಳಿಸಿರಲಿಲ್ಲ.