ಪೊಲೀಸರ ಪಕ್ಷ ಸೇರಿದ ಅವ್ವ

ಗೆಳೆಯರೇ, ಇವತ್ತು ಬೆಳಿಗ್ಗೆ ಜಿಗಣಿ ರಸ್ತೆಯಲ್ಲಿ ರಾಂಗ್ ಸೈಡಿನಲ್ಲಿ ಸ್ಕೂಟರ್ ಓಡಿಸಿ ಸಿಕ್ಕಿಬಿದ್ದೆ. ಹಿಂದೆ ಅವ್ವ ಜೋಳದ ಚೀಲ ಹಿಡಿದು ಕೂತಿದ್ದಳು. ಹಿಟ್ಟಿನ ಗಿರಣಿ ಕಣ್ಣೆದುರಿಗೇ ಇತ್ತು. ಯೂಟರ್ನ್ ಮಾತ್ರ ಒಂದೂವರೆ ಕಿಲೋಮೀಟರ್ ಆಚೆ.

ಟ್ರಾಫಿಕ್ ಪೊಲೀಸಪ್ಪ ಕೈ ಅಡ್ಡ ಹಿಡಿದ ಕೂಡಲೇ ನನ್ನ ಬಾಯಿಗೆ ಸುಳ್ಳು ಬಂತು. "ಸಾರ್, ಅಮ್ಮಂಗೆ ಹುಷಾರಿಲ್ಲ. ಅರ್ಜೆಂಟಾಗಿ ಆಸ್ಪತ್ರೆಗೆ ಹೋಗ್ತಿದ್ದೀವಿ."

"ಯಾರಿಗೆ ಆರಾಮಿಲ್ಲ?" ಅವ್ವ ಸ್ಕೂಟರಿನಿಂದ ಇಳಿದೇಬಿಟ್ಟಳು. "ನಾ ಗಟ್ಟಿ ಅದೀನಿ. ಜ್ವಾಳ ಬೀಸಿಸಾಕ ಹೊಂಟೀವಿ."

ಪೊಲೀಸಪ್ಪನಿಗೆ ನಗು ತಡೆಯಲಾಗಲಿಲ್ಲ. "ಅವ್ವಾರ, ಯಾವೂರು ನಿಮ್ದು?"

"ರಾಣೆಬೆನ್ನೂರು."

"ನಮ್ದು ಬ್ಯಾಡಗಿ ರೀ!"

ಸದ್ಯ, ಬಚಾವಾದೆ ಅಂದುಕೊಂಡೆ. ಅಷ್ಟರಲ್ಲಿ ಅವ್ವ, "ನಮ್ಮ ಕಡಿಯಾಕಿ ಅಂತ ಬಿಡಬ್ಯಾಡಪ್ಪಾ, ದಂಡ ಹಾಕು. ಈಗ ಬರುವಾಗ ಎದುರಿಂದ ಒಂದು ಲಾರಿ ಮೈಮ್ಯಾಲೆ ಬಂದಂಗಾತು. ನನಗ ಇರಾಕಿ ಇಕಿ ಒಬ್ಬಾಕಿನ," ಎಂದಳು. ಲಾರಿ ಪಕ್ಕದಲ್ಲೇ ಹಾದಾಗ ಅವಳು ನನ್ನ ಭುಜವನ್ನು ಬಿಗಿಯಾಗಿ ಹಿಡಿದಿದ್ದಳು. ನಾನು ಗಮನ ಕೊಟ್ಟಿರಲಿಲ್ಲ.

ದಂಡ ಕಟ್ಟಿ ಸ್ಕೂಟರ್ ತಿರುಗಿಸಿದೆ. ಅಷ್ಟು ಹೊತ್ತಿಗೆ ಅವ್ವ ಆತನಿಗೆ ನಮ್ಮ ಮನೆಯ ದಾರಿ ಹೇಳುತ್ತಿದ್ದಳು. ಭಾನುವಾರ ರೊಟ್ಟಿ, ಎಣ್ಣೆಗಾಯಿ ಊಟಕ್ಕೆ ಆತ ಬರುತ್ತಿದ್ದಾನೆ. ರೊಟ್ಟಿ ಬಡಿಯುವವಳು ನಾನು. ಸುಳ್ಳು ಹೇಳಿದ್ದಕ್ಕೆ ಅವ್ವ ಹಾಕಿದ ದಂಡವಂತೆ ಅದು.