ಎರಡು ಗೆರೆಯ ನಡುವೆ ಒಂದು ಮತ

ಗೆರೆ ಎಳೆಯದೆ ನನಗೆ ಅಕ್ಷರ ಬರೆಯಲು ಬರುವುದಿಲ್ಲ. ಇದು ಚಟವೋ ಕಾಯಿಲೆಯೋ ಇನ್ನೂ ತೀರ್ಮಾನವಾಗಿಲ್ಲ. ಕಸುಬಿನಿಂದ ನಾನು ಡ್ರಾಫ್ಟ್ಸ್‌ಮನ್. ಕುವೈತಿನ ಮೀನಾ ಅಬ್ದುಲ್ಲಾ ಎಂಬ ಊರಿನ ಎಣ್ಣೆ ರಿಫೈನರಿಯಲ್ಲಿ ಪೈಪುಗಳ ನಕ್ಷೆ ಬರೆಯುವವನು. ನಕ್ಷೆಯಲ್ಲಿ ಏನು ಬರೆಯುವುದಿದ್ದರೂ ಮೊದಲು ಪೆನ್ಸಿಲಿನಲ್ಲಿ ತೆಳ್ಳಗೆ ಎರಡು ಗೆರೆ ಎಳೆದು, ಅಕ್ಷರಗಳನ್ನು ಅವುಗಳ ನಡುವೆ ಕೂರಿಸಬೇಕು. ಇಪ್ಪತ್ತು ವರ್ಷ ಹೀಗೆ ಬರೆದ ಕೈ ಬೇರೆ ಹೇಗೆ ಬರೆದೀತು? ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿಗೂ ಗೆರೆ ಹಾಕುತ್ತೇನೆ. "ನಿಮಗೆ ಬೇಕಾಗಿರೋದು ಮೊಸರೋ, ಮೊಸರಿನ ಪ್ಲಾನೋ?" ಎಂದು ನನ್ನ ಹೆಂಡತಿ ಸಾವಿತ್ರಿ ಕೇಳುತ್ತಾಳೆ.

ಹೋದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷಗಿರಿಗೆ ಚುನಾವಣೆ ನಡೆಯಿತು. ನಗಬೇಡಿ. ನಾವಿರುವ ನೆಲದಲ್ಲಿ ನಮಗೆ ಮತವಿಲ್ಲ; ನಮ್ಮ ನೆಲದಲ್ಲಿ ಮತವಿದೆ, ಹಾಕುವ ದಿನ ನಾವು ಅಲ್ಲಿರುವುದಿಲ್ಲ. ಹಾಗಾಗಿ ಬೆರಳಿಗೆ ಶಾಯಿ ಕಂಡು ಎಷ್ಟೋ ವರ್ಷವಾದ ನಮಗೆ ಇದೇ ಮಹಾಚುನಾವಣೆ. ಅಲ್ಲಿಯವರೆಗೂ ಅಧ್ಯಕ್ಷರನ್ನು ಒಮ್ಮತದಿಂದ ಆರಿಸುತ್ತಿದ್ದೆವು, ಎಂದರೆ ಬೇಡ ಬೇಡ ಎಂದು ಓಡುತ್ತಿದ್ದವರನ್ನು ಹಿಡಿದು ಕೂರಿಸುತ್ತಿದ್ದೆವು. ಆ ವರ್ಷ ಮಾತ್ರ ಇಬ್ಬರು ನಿಂತರು. ಒಬ್ಬರು ಮಂಗಳೂರು ಕಡೆಯ ಪಿಂಟೋ, ಆಸ್ಪತ್ರೆಯೊಂದರ ಆಫೀಸಿನಲ್ಲಿದ್ದವರು. ಇನ್ನೊಬ್ಬರು ಹಾಸನದ ಮೂರ್ತಿ, ನಮ್ಮ ರಿಫೈನರಿಯ ಸೈಟ್ ಎಂಜಿನಿಯರ್. ಕುವೈತಿನಲ್ಲಿ ನನ್ನವರು ಅಂತ ನನಗಿದ್ದ ಒಬ್ಬರೇ ಸ್ನೇಹಿತರು.

ನನಗೆ ಕಾರು ಓಡಿಸಲು ಬರುವುದಿಲ್ಲ. ಬೆಳಗ್ಗೆ ಐದೂವರೆಗೆ ಫರ್ವಾನಿಯಾದ ನಮ್ಮ ಕಟ್ಟಡದ ಕೆಳಗೆ ಮೂರ್ತಿಯವರ ಹಾರ್ನ್ ಎರಡು ಸಲ ಕೇಳಿಸುತ್ತಿತ್ತು. ಸಾವಿತ್ರಿ ತುಂಬಿಕೊಟ್ಟ ಕಾಫಿಯ ಫ್ಲಾಸ್ಕು ಹಿಡಿದು ನಾನು ಇಳಿಯುತ್ತಿದ್ದೆ. ಇಲ್ಲಿ ವಾರದ ರಜೆಯಾದ ಶುಕ್ರವಾರ ಸಂಜೆ ಇಬ್ಬರೂ ಫಿಂಟಾಸ್‌ನ ಸಮುದ್ರದ ದಂಡೆಗೆ ಹೋಗಿ, ಹುರಿಗಡಲೆ ತಿನ್ನುತ್ತಾ, ಊರಿನಲ್ಲಿ ಕಟ್ಟಬೇಕಾದ ಮನೆಗಳನ್ನು ಕಟ್ಟುತ್ತಿದ್ದೆವು. ಪ್ಲಾನು ನನ್ನದು, ತಕರಾರು ಅವರದು.

ಮತ ಹಾಕಿದ್ದು ಫಿಂಟಾಸ್‌ನಲ್ಲೇ, ಸದಸ್ಯರೊಬ್ಬರ ಫ್ಲ್ಯಾಟಿನಲ್ಲಿ. ಪೆಟ್ಟಿಗೆ ಇಲ್ಲದ್ದರಿಂದ, ಆಗಷ್ಟೇ ಬಿಸಿಬೇಳೆಬಾತು ಮುಗಿದಿದ್ದ ದೊಡ್ಡ ಕುಕ್ಕರನ್ನು ತೊಳೆದಿಟ್ಟರು. ಹಿಂದಿನ ಕಾಲದಲ್ಲಿ ಕೆಲವು ಊರಸಭೆಗಳಿಗೆ ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಸದಸ್ಯರನ್ನು ಆರಿಸುತ್ತಿದ್ದರಂತೆ. ಆ ಕೊಡದ ವಂಶದ್ದೇ ನಮ್ಮ ಕುಕ್ಕರು, ಇಂಗಿನ ವಾಸನೆಯೊಂದು ಹೆಚ್ಚು. ಬಾಗಿಲ ಬಳಿ ಪಿಂಟೋ ಎಲ್ಲರ ಕೈ ಕುಲುಕುತ್ತಾ "ನಮ್ಮನ್ನೂ ಸ್ವಲ್ಪ ನೋಡಿಕೊಳ್ಳಿ ಮಾರಾಯ್ರೆ" ಎನ್ನುತ್ತಿದ್ದರು. ಮೂರ್ತಿ ನನ್ನನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯವಿದೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ.

ನಾನು ಅಡುಗೆಮನೆಯ ಮೂಲೆಗೆ ಹೋಗಿ ಪಿಂಟೋ ಹೆಸರು ಬರೆದು ಕುಕ್ಕರಿಗೆ ಹಾಕಿದೆ.

ಎಣಿಕೆಯಾಯಿತು. ಪಿಂಟೋಗೆ ಇಪ್ಪತ್ತನಾಲ್ಕು, ಮೂರ್ತಿಗೆ ಇಪ್ಪತ್ತಮೂರು. ಅಭ್ಯರ್ಥಿಗಳಿಬ್ಬರೂ ಮೇಜಿನ ಪಕ್ಕದಲ್ಲೇ ನಿಂತು ಒಂದೊಂದು ಚೀಟಿಯನ್ನೂ ನೋಡಿದ್ದರು. ಮೂರ್ತಿ ನಗುತ್ತಾ ಪಿಂಟೋ ಅವರನ್ನು ತಬ್ಬಿಕೊಂಡರು.

ಯಾಕೆ ಹಾಗೆ ಮಾಡಿದೆ? ನಿಮಗೊಬ್ಬರಿಗೆ ಹೇಳುತ್ತೇನೆ. ಅಧ್ಯಕ್ಷರಾದವರಿಗೆ ಶುಕ್ರವಾರ ಇರುವುದಿಲ್ಲ. ಹಾಲ್ ಹುಡುಕಬೇಕು, ನಾಟಕದವರ ಜಗಳ ಬಿಡಿಸಬೇಕು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳಿಗೆ ಹಾಡು ಕಲಿಸಬೇಕು. ನನ್ನ ಶುಕ್ರವಾರಗಳು ಹೋಗುತ್ತಿದ್ದವು. ಇಡೀ ಸಂಘಕ್ಕೆ ಮೂರ್ತಿಯವರನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ, ಅಷ್ಟೇ. ಪ್ರೀತಿ ಎಂದರೆ ಪ್ರೀತಿ, ಸ್ವಾರ್ಥ ಎಂದರೆ ಸ್ವಾರ್ಥ.

ಮರುದಿನ ಐದೂವರೆಗೆ ಹಾರ್ನ್ ಎರಡು ಸಲ ಕೇಳಿಸಿತು. "ನಿದ್ದೆ ಬಂತಾ ರಾಯರೇ?" ಎಂದರು. ಬಂತು ಎಂದೆ. ದಾರಿಯುದ್ದಕ್ಕೂ ಅವರು ಕ್ರೇನಿನ ವಿಷಯ ಮಾತಾಡಿದರು. ಜುಲೈನಲ್ಲಿ ನಾವು ರಜೆಗೆ ಮೈಸೂರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಬಿಟ್ಟವರೂ ಅವರೇ. ಟ್ರಾಲಿಗೆ ಸೂಟ್‌ಕೇಸು ಏರಿಸುವಾಗ, "ಬಂದ ಮೇಲೆ ನಿಮಗೊಂದು ವಿಷಯ ಹೇಳ್ಬೇಕು" ಎಂದೆ.

"ನಿಧಾನಕ್ಕೆ ಹೇಳಿ. ನಾನೆಲ್ಲಿ ಓಡಿ ಹೋಗ್ತೀನಿ?" ಎಂದರು.

ಆಗಸ್ಟಿನಲ್ಲಿ ಎಲ್ಲರೂ ಓಡಬೇಕಾಯಿತು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಸುದ್ದಿಯನ್ನು ನಾನು ಮೈಸೂರಿನಲ್ಲಿ ರೇಡಿಯೋಗೆ ಕಿವಿ ಹಚ್ಚಿ ಕೇಳಿದೆ. ಮೂರ್ತಿ ಕಾರನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿ, ಜೋರ್ಡಾನಿನ ಅಮ್ಮಾನ್‌ನಲ್ಲಿ ನಿರಾಶ್ರಿತರ ಡೇರೆಗಳಲ್ಲಿ ದಿನ ಕಳೆದು, ಬೊಂಬಾಯಿಗೆ ಬಂದಿಳಿದರು. ಅಧ್ಯಕ್ಷರಾಗಿದ್ದ ಪಿಂಟೋ ಮಾತ್ರ ನಮ್ಮವರ ಪಟ್ಟಿ ಹಿಡಿದುಕೊಂಡು, ಎಲ್ಲರನ್ನೂ ಬಸ್ಸು ಹತ್ತಿಸಿ, ಕೊನೆಯದರಲ್ಲಿ ಬಂದರಂತೆ. ಅದನ್ನು ಕೇಳಿದಾಗ, ನನ್ನ ಒಂದು ಮತ ಮೂರ್ತಿಯವರನ್ನು ಬೇಗ ಊರು ಸೇರಿಸಿತಲ್ಲ ಎಂದು ಒಂದು ಗಳಿಗೆ ಬೀಗಿದೆ. ಇಂಥ ಸಮಾಧಾನಗಳು ಬೆಳಗಿನ ಕಾಫಿಯವರೆಗೂ ಬಾಳುವುದಿಲ್ಲ.

ಈ ವರ್ಷ ಯುದ್ಧ ಮುಗಿದ ಮೇಲೆ ಕಂಪನಿಯವರು ನನ್ನನ್ನು ವಾಪಸು ಕರೆಸಿದರು. ಸುಟ್ಟುಹೋದ ಪೈಪುಗಳಿಗೆ ಮತ್ತೆ ನಕ್ಷೆ ಬೇಕಿತ್ತು. ಉರಿಯುವ ಎಣ್ಣೆಬಾವಿಗಳ ಹೊಗೆಗೆ ಹಗಲಲ್ಲೂ ಆಕಾಶ ಕಪ್ಪು, ಒಗೆದು ಒಣಹಾಕಿದ ಅಂಗಿಯ ಮೇಲೆ ಮಸಿ. ಈಗ ಕಂಪನಿಯ ಬಸ್ಸಿನಲ್ಲಿ ಹೋಗುತ್ತೇನೆ. ಆದರೂ ಐದೂವರೆಗೆ ಕೆಳಗೆ ಯಾರ ಹಾರ್ನ್ ಕೇಳಿದರೂ ಕಿಟಕಿಗೆ ಹೋಗಿ ಇಣುಕುತ್ತೇನೆ. ಸಾವಿತ್ರಿ ಊರಲ್ಲೇ ಇದ್ದಾಳೆ, ನನ್ನನ್ನು ನೋಡಿ ನಗಲು ಯಾರೂ ಇಲ್ಲ. ಮೂರ್ತಿ ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರಾಗಿದ್ದಾರೆ, ಇನ್ನು ಈ ಕಡೆ ಬರುವುದಿಲ್ಲ. ಯಾವಾಗ ಬರುತ್ತೀರಿ ಎಂದು ಕೇಳಿ ನಾನು ಬರೆದ ಕಾಗದಕ್ಕೆ ಹೋದ ತಿಂಗಳು ಅವರ ಉತ್ತರ ಬಂತು. ಕೊನೆಯಲ್ಲಿ ಹೀಗಿತ್ತು:

"ನೀವು ಹೇಳಬೇಕೆಂದಿದ್ದ ವಿಷಯ ನನಗೆ ಅವತ್ತೇ ಗೊತ್ತಾಯಿತು. ಮತದ ಚೀಟಿಗೂ ಎರಡು ಗೆರೆ ಹಾಕುವವರು ಕುವೈತಿನಲ್ಲಿ ಇನ್ನೊಬ್ಬರಿದ್ದಾರಾ ರಾಯರೇ? ದಿನಾ ನಿಮ್ಮ ನಕ್ಷೆ ಓದುತ್ತಿದ್ದವನು ನಾನು. ಯಾಕೆ ಅನ್ನುವುದು ಮಾತ್ರ ಇವತ್ತಿಗೂ ಹೊಳೆದಿಲ್ಲ."

ಗೊತ್ತಿದ್ದೂ ಇಡೀ ಒಂದು ತಿಂಗಳು ಹಾರ್ನ್ ಹೊಡೆದಿದ್ದರು. ಕಾಗದ ಮಡಿಸಿಟ್ಟು ಅತ್ತೆ.

ಕಳೆದ ಶುಕ್ರವಾರ ಅಳಿದುಳಿದ ಹದಿನೈದು ಜನ ಸೇರಿದೆವು. ಮತ್ತೆ ಅಧ್ಯಕ್ಷರ ಚುನಾವಣೆ; ವಾಪಸು ಬಂದಿದ್ದ ಪಿಂಟೋ ಒಬ್ಬರೇ ಅಭ್ಯರ್ಥಿಯಾಗಿ ನಿಂತಿದ್ದರು. ಆದರೂ ನಿಯಮ ನಿಯಮವೇ ಎಂದು ಅವರೇ ಹಟ ಹಿಡಿದು ಎಲ್ಲರಿಗೂ ಚೀಟಿ ಹಂಚಿದರು. ನಾನು ಯಾವ ಮೂಲೆಗೂ ಹೋಗದೆ, ಎಲ್ಲರೆದುರೇ ಜೇಬಿನಿಂದ ಪೆನ್ಸಿಲು ತೆಗೆದು ಎರಡು ಗೆರೆ ಎಳೆದು, ನಡುವೆ ಮೂರ್ತಿಯವರ ಹೆಸರು ಬರೆದೆ. ಎಣಿಸುವಾಗ ಪಿಂಟೋ ಆ ಚೀಟಿಯನ್ನು ಪಕ್ಕಕ್ಕಿಟ್ಟರು.

"ಇದು ನಡೆಯುವುದಿಲ್ಲ ಮಾರಾಯ್ರೆ. ಅವರು ಇಲ್ಲಿ ಇಲ್ಲವಲ್ಲ," ಎಂದರು.

"ಹಾಗಾದ್ರೆ ನನಗೆ ವಾಪಸ್ ಕೊಡಿ," ಎಂದೆ.

ಕೊಟ್ಟರು. ಅದರ ಹಿಂಬದಿಯಲ್ಲಿ ಫಿಂಟಾಸ್, ಹುರಿಗಡಲೆ, ನನ್ನ ಶುಕ್ರವಾರಗಳು ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದು ನಿನ್ನೆ ಹಾಸನಕ್ಕೆ ಪೋಸ್ಟ್ ಮಾಡಿದೆ. ಗೆರೆ ಎಳೆಯುವುದು ಮರೆತೇಹೋಗಿತ್ತು, ಸಾಲುಗಳೆಲ್ಲ ಸೊಟ್ಟಗಾಗಿವೆ. ಈ ಸಲ ಹಿಂಬದಿಯದೂ ನನ್ನ ಕೈಬರಹವೇ ಎಂದು ಅವರು ಗುರುತಿಸುತ್ತಾರೋ ಇಲ್ಲವೋ ಎಂಬುದೇ ಈಗ ನನ್ನ ಚಿಂತೆ.